ಓಟವಿಲ್ಲದ ದಿನದ ವಹಿವಾಟು

ಕುದುರೆ ರೇಸ್ ಎಂದೊಡನೆ ನಮ್ಮ ವರ್ತಕ ಬಂಧುಗಳಲ್ಲಿ ಹೆಚ್ಚಿನವರ ಕಣ್ಣ ಮುಂದೆ ನಿಲ್ಲುವುದು ಎರಡೇ ಚಿತ್ರ. ಬಾಜಿ ಕಟ್ಟಿ ಮನೆಮಠ ಕಳೆದುಕೊಂಡವನ ಕಥೆ ಒಂದು. ಡರ್ಬಿಯ ಮರುದಿನ ಪತ್ರಿಕೆಗಳಲ್ಲಿ ಅಚ್ಚಾಗುವ, ಬಹುಮಾನದ ಬಟ್ಟಲು ಹಿಡಿದು ನಿಂತ ಶ್ರೀಮಂತರ ಭಾವಚಿತ್ರ ಮತ್ತೊಂದು. ಎರಡೂ ಓಟದ ದಿನಕ್ಕೆ ಸೇರಿದವು. ಡರ್ಬಿಯ ದೂರ ಸಾಮಾನ್ಯವಾಗಿ 2400 ಮೀಟರ್. ಅದು ಮುಗಿಯಲು ಬೇಕಾಗುವುದು ಸುಮಾರು ಎರಡೂವರೆ ನಿಮಿಷ. ಆ ಎರಡೂವರೆ ನಿಮಿಷಕ್ಕಾಗಿ ಒಂದು ಪ್ರಾಣಿಯನ್ನು ತಿಂಗಳುಗಟ್ಟಲೆ ಪ್ರತಿದಿನ ನಸುಕಿನಲ್ಲಿ ಎಬ್ಬಿಸಿ, ನಡೆಸಿ, ಓಡಿಸಿ, ತೊಳೆದು, ತಿಕ್ಕಿ, ಉಣಿಸಿ ಕಾಯುವ ಲಾಯವೊಂದು ಹಿಂದೆ ಇರುತ್ತದೆ. ವ್ಯಾಪಾರದ ದೃಷ್ಟಿಯಿಂದ ನೋಡುವವರಿಗೆ ಓಟಕ್ಕಿಂತ ಈ ಲಾಯವೇ ಮುಖ್ಯವೆಂಬುದು ನನ್ನ ಅಭಿಪ್ರಾಯ. ಅದನ್ನು ಈಗಲೇ ಹೇಳಬೇಕಾದ ಕಾರಣವೂ ಇದೆ.

ಬೆಂಗಳೂರಿನ ನಡುಮಧ್ಯೆ ಎಂಬತ್ತು ಎಕರೆಗೂ ಮಿಕ್ಕಿದ ನೆಲದಲ್ಲಿರುವ ರೇಸ್ ಕೋರ್ಸನ್ನು ನಗರದಾಚೆಗೆ ಕಳುಹಿಸುವ ಮಾತು ಹೊಸದಲ್ಲ. ಟರ್ಫ್ ಕ್ಲಬ್ಬಿಗೆ ಸರ್ಕಾರ ಕೊಟ್ಟಿದ್ದ ಗುತ್ತಿಗೆಯ ಅವಧಿ 2009ರ ಡಿಸೆಂಬರ್‌ನಲ್ಲಿ ಮುಗಿದಾಗಿನಿಂದ ಈ ವಿಷಯ ನ್ಯಾಯಾಲಯದಲ್ಲಿಯೂ ವಿಧಾನಸೌಧದಲ್ಲಿಯೂ ಬಂದುಹೋಗುತ್ತಲೇ ಇದೆ. ಒಮ್ಮೆ ವಿಮಾನ ನಿಲ್ದಾಣದ ರಸ್ತೆಯ ಕಡೆಯ ಜಾಗದ ಹೆಸರು ಕೇಳಿಬಂದಿತು. ಇತ್ತೀಚಿನ ವರ್ಷಗಳಲ್ಲಿ ಕೇಳಿಬರುತ್ತಿರುವುದು ಕುಣಿಗಲ್ಲಿನ ಹೆಸರು. ಕುಣಿಗಲ್ ತುಮಕೂರು ಜಿಲ್ಲೆಗೆ ಸೇರಿದ್ದರೂ ನಮ್ಮ ಮಾಗಡಿ ತಾಲ್ಲೂಕಿಗೆ ಗಡಿ ಹಂಚಿಕೊಂಡ ನೆರೆ. ಹೈದರ್ ಮತ್ತು ಟಿಪ್ಪುವಿನ ಅಶ್ವದಳಕ್ಕೆ ಕುದುರೆ ಒದಗಿಸಿದ ಕೀರ್ತಿ ಅಲ್ಲಿನ ಸ್ಟಡ್ ಫಾರಂಗೆ ಇದೆ. ನಾಲ್ಕುನೂರು ಎಕರೆಗೂ ಹೆಚ್ಚು ವಿಸ್ತಾರದ ಆ ಸರ್ಕಾರಿ ಭೂಮಿಯನ್ನು 1992ರಲ್ಲಿ ವಿಜಯ್ ಮಲ್ಯ ಅವರ ಸಂಸ್ಥೆಗೆ ಮೂವತ್ತು ವರ್ಷದ ಗುತ್ತಿಗೆಗೆ ಕೊಡಲಾಗಿತ್ತು. ಆ ಅವಧಿಯೂ 2022ಕ್ಕೆ ತೀರಿತು. ಅಲ್ಲಿ ಹುಟ್ಟಿ ಬೆಳೆದ ಮರಿಗಳು ದೇಶದ ದೊಡ್ಡ ದೊಡ್ಡ ಓಟಗಳನ್ನು ಗೆದ್ದಿವೆ. ಇಂಥ ಊರಿನ ಹೆಸರು ರೇಸ್ ಕೋರ್ಸಿನ ಜೊತೆ ಸೇರಿ ಪತ್ರಿಕೆಯಲ್ಲಿ ಬಂದ ದಿನದಿಂದ ಮಾಗಡಿ ರಸ್ತೆಯ ಚಹದಂಗಡಿಗಳಲ್ಲಿ ನಡೆಯುತ್ತಿರುವ ಚರ್ಚೆ ಒಂದೇ: ನಿವೇಶನದ ದರ ಎಷ್ಟು ಏರೀತು?

ಈ ಚರ್ಚೆ ನನಗೆ ಸಮಾಧಾನ ತಂದಿಲ್ಲ. ನಿವೇಶನದ ದರ ಏರಿದರೆ ಲಾಭವಾಗುವುದು ನಿವೇಶನ ಉಳ್ಳವರಿಗೆ, ಅದೂ ಒಮ್ಮೆ ಮಾತ್ರ. ದಿನನಿತ್ಯ ಅಂಗಡಿಯ ಬಾಗಿಲು ತೆರೆಯುವವರು ಕೇಳಬೇಕಾದ ಪ್ರಶ್ನೆ ಬೇರೆ. ಓಟವಿಲ್ಲದ ದಿನ ಅಲ್ಲಿ ಏನು ನಡೆಯುತ್ತದೆ? ಅದರಿಂದ ಯಾರ ಗಲ್ಲಾಪೆಟ್ಟಿಗೆಗೆ ಏನು ಬರುತ್ತದೆ? ಆ ಕೆಲಸ ಮಾಡುವವನಿಗೆ ತಿಂಗಳ ಕೊನೆಯಲ್ಲಿ ಕೈಗೆ ಎಷ್ಟು ಸೇರುತ್ತದೆ?

ತರಬೇತಿ ಲಾಯದ ದಿನ ಆರಂಭವಾಗುವುದು ನಾಲ್ಕು ಗಂಟೆಯ ಸುಮಾರಿಗೆ, ಕತ್ತಲಿರುವಾಗಲೇ. ಮೊದಲು ಏಳುವವನು ಸಯೀಸ. ಸಾಮಾನ್ಯವಾಗಿ ಒಬ್ಬನ ಪಾಲಿಗೆ ಎರಡು ಮೂರು ಕುದುರೆಗಳು. ಅವನು ಲಾಯದ ಬಾಗಿಲು ತೆರೆದೊಡನೆ ನೋಡುವುದು ಮೇವಿನ ತೊಟ್ಟಿಯನ್ನು. ರಾತ್ರಿ ಹಾಕಿದ್ದನ್ನು ಕುದುರೆ ಪೂರಾ ತಿಂದಿದೆಯೇ, ಉಳಿಸಿದೆಯೇ? ಉಳಿಸಿದ್ದರೆ ಅದು ಜಮೇದಾರನೆಂದು ಕರೆಯಲಾಗುವ ಹಿರಿಯ ಸಯೀಸನ ಮೂಲಕ ತರಬೇತುದಾರನ ಕಿವಿಗೆ ಮುಟ್ಟಲೇಬೇಕಾದ ಸುದ್ದಿ. ಜ್ವರ, ಹೊಟ್ಟೆನೋವು, ಕಾಲುನೋವು, ಯಾವುದೇ ಆಗಲಿ ಮೊದಲು ಕಾಣಿಸಿಕೊಳ್ಳುವುದು ಮೇವಿನ ತೊಟ್ಟಿಯಲ್ಲಿ. ಬಳಿಕ ಲದ್ದಿ ಬಾಚಿ, ಒದ್ದೆಯಾದ ಹಾಸನ್ನು ತೆಗೆದು, ಗೊರಸಿನೊಳಗೆ ಸಿಕ್ಕಿದ ಕೊಳೆಯನ್ನು ಕೊಕ್ಕೆಯಿಂದ ಕೆದಕಿ ತೆಗೆದು, ಮೈ ಉಜ್ಜಿ, ಜೀನು ಬಿಗಿದು, ಕಡಿವಾಣ ಹಾಕಿ ಹೊರಗೆ ತರುವಷ್ಟರಲ್ಲಿ ಪೂರ್ವ ದಿಕ್ಕು ಬೆಳಗಾಗತೊಡಗಿರುತ್ತದೆ.

ಅಲ್ಲಿಂದ ಮುಂದೆ ಕುದುರೆ ಸವಾರನ ಕೈಗೆ. ಜಾಕಿಗಳು ಬೇರೆ, ಬೆಳಗಿನ ವ್ಯಾಯಾಮದ ಸವಾರರು ಬೇರೆ. ಈ ಸವಾರನಿಗೆ ಇಡೀ ರೇಸ್ ಜಗತ್ತಿನಲ್ಲಿರುವ ಹೆಸರು 'ರೈಡಿಂಗ್ ಬಾಯ್'. ವಯಸ್ಸು ನಲವತ್ತು ದಾಟಿ ಮಗಳ ಮದುವೆ ಮಾಡಿದವನಾದರೂ ಅವನು 'ಬಾಯ್'. ಒಂದು ಬೆಳಗಿನಲ್ಲಿ ಅವನು ಒಂದರ ಮೇಲೊಂದರಂತೆ ಹಲವು ಕುದುರೆಗಳನ್ನು ಏರಿ ಇಳಿಯುತ್ತಾನೆ. ಮೊದಲು ನಡಿಗೆ, ಆಮೇಲೆ ದುಡುಕಿ, ಆಮೇಲೆ ಹಗುರವಾದ ಕ್ಯಾಂಟರ್. ಎಲ್ಲ ಕುದುರೆಗಳನ್ನೂ ಎಲ್ಲ ದಿನವೂ ವೇಗವಾಗಿ ಓಡಿಸುವುದಿಲ್ಲ. ಪೂರ್ಣ ವೇಗದ ಗ್ಯಾಲಪ್ ವಾರದಲ್ಲಿ ಒಂದೆರಡು ದಿನ ಮಾತ್ರ. ಉಳಿದ ದಿನಗಳ ನಿಧಾನ ಕೆಲಸವೇ ಮೂಳೆಯನ್ನು ಗಟ್ಟಿ ಮಾಡಿ, ಸ್ನಾಯುವನ್ನು ಪಳಗಿಸಿ, ಉಸಿರನ್ನು ಹದಕ್ಕೆ ತರುವುದು. ಸುಮ್ಮನೆ ನಿಂತಾಗ ನಿಮಿಷಕ್ಕೆ ಮೂವತ್ತು ನಲವತ್ತು ಸಲ ಬಡಿಯುವ ಕುದುರೆಯ ಹೃದಯ ಪೂರ್ಣ ವೇಗದಲ್ಲಿ ಇನ್ನೂರಕ್ಕೂ ಮೇಲೆ ಹೋಗುತ್ತದೆ. ಅಷ್ಟು ಏರಿಕೆಯನ್ನು ತಾಳುವ ದೇಹವನ್ನು ಒಂದು ವಾರದಲ್ಲಿ ಕಟ್ಟಲಾಗದು.

ತರಬೇತುದಾರ ಪಥದ ಪಕ್ಕ ಕೈಯಲ್ಲಿ ಸ್ಟಾಪ್ ವಾಚ್ ಹಿಡಿದು ನಿಂತಿರುತ್ತಾನೆ. 'ಕೊನೆಯ 600 ಮೀಟರನ್ನು ಇಷ್ಟು ಸೆಕೆಂಡಿನಲ್ಲಿ ಬಾ' ಎಂದು ಹೇಳಿ ಕಳುಹಿಸಿದರೆ ನುರಿತ ಸವಾರ ಗಡಿಯಾರ ನೋಡದೆ, ಕೇವಲ ಕೈಯಲ್ಲಿನ ಲಗಾಮಿನ ಎಳೆತದಿಂದ ಅಂದಾಜು ಮಾಡಿ ಹೆಚ್ಚುಕಡಮೆ ಅಷ್ಟೇ ಹೊತ್ತಿಗೆ ಬರುತ್ತಾನೆ. ಸುಮಾರು 450ರಿಂದ 500 ಕಿಲೋ ತೂಗುವ, ಗಂಟೆಗೆ ಐವತ್ತು ಕಿಲೋಮೀಟರಿಗೂ ಮಿಕ್ಕಿದ ವೇಗದಲ್ಲಿರುವ, ಕಾಗದದ ಚೂರೊಂದು ಹಾರಿದರೂ ಬೆಚ್ಚುವ ಪ್ರಾಣಿಯ ಮೇಲೆ ಕುಳಿತು ಇಷ್ಟು ಲೆಕ್ಕ ಇಡುವುದನ್ನು ಕೌಶಲವೆಂದಲ್ಲದೆ ಬೇರೆ ಏನೆಂದು ಕರೆಯೋಣ? ಇಳಿದೊಡನೆ ಅವನು ಹೇಳುವ ಒಂದು ಮಾತು, 'ಎಡಕ್ಕೆ ಸ್ವಲ್ಪ ವಾಲುತ್ತಿದೆ' ಅಥವಾ 'ಉಸಿರು ಬೇಗ ಕಟ್ಟಿತು', ಲಕ್ಷಾಂತರ ರೂಪಾಯಿಯ ಪ್ರಾಣಿಯೊಂದು ಆ ಶನಿವಾರ ಓಡಬೇಕೇ ಬೇಡವೇ ಎಂಬುದನ್ನು ನಿರ್ಧರಿಸುತ್ತದೆ.

ಪಥದ ಕೆಲಸ ಮುಗಿದ ಮೇಲೆ ಮತ್ತೆ ಸಯೀಸನ ಸರದಿ. ಬೆವೆತ ಕುದುರೆಯನ್ನು ಹಾಗೆಯೇ ಕಟ್ಟುವಂತಿಲ್ಲ. ಉಸಿರು ತಹಬಂದಿಗೆ ಬರುವವರೆಗೆ ಕೈಹಿಡಿದು ನಡೆಸಬೇಕು, ನೀರು ಹುಯ್ದು ತೊಳೆಯಬೇಕು, ಒರೆಸಬೇಕು, ಮಾಲೀಸು ಮಾಡಬೇಕು, ಮೊಣಕಾಲಿನ ಕೆಳಗಿನ ನರಗಳ ಮೇಲೆ ಅಂಗೈ ಸವರಿ ಬಿಸಿಯಿದೆಯೇ ಎಂದು ನೋಡಬೇಕು. ಒಂಬತ್ತು ಗಂಟೆಯ ಬಿಸಿಲು ಏರುವಷ್ಟರಲ್ಲಿ ಪಥ ಖಾಲಿ. ನಮ್ಮ ರೈತರು ಹೊಲಕ್ಕೆ ಕುಂಟೆ ಹೊಡೆಯುವಂತೆ ಅಲ್ಲಿ ಟ್ರ್ಯಾಕ್ಟರ್ ಮರಳಿನ ಪಥವನ್ನು ಹರಗುತ್ತ ಸಾಗುತ್ತದೆ. ಮಧ್ಯಾಹ್ನ ಕುದುರೆಗೂ ಆಳಿಗೂ ವಿಶ್ರಾಂತಿ. ಮೂರು ಗಂಟೆಯ ಬಳಿಕ ಮತ್ತೆ ನಡಿಗೆ, ಮತ್ತೆ ಮೈ ತಿಕ್ಕುವುದು, ತರಬೇತುದಾರನ ಸಂಜೆಯ ತಪಾಸಣೆ, ರಾತ್ರಿಯ ಮೇವು. ದೀಪಾವಳಿಯೆಂದಾಗಲೀ ರಂಜಾನ್ ಎಂದಾಗಲೀ ಈ ಕ್ರಮ ತಪ್ಪುವುದಿಲ್ಲ.

ಈಗ ಇದನ್ನೇ ವರ್ತಕನ ಕಣ್ಣಿನಿಂದ ನೋಡೋಣ. ನೂರು ಕುದುರೆಗಳ ಲಾಯವೆಂದು ಇಟ್ಟುಕೊಳ್ಳಿ. ಒಂದು ಕುದುರೆ ದಿನಕ್ಕೆ ತನ್ನ ತೂಕದ ನೂರರಲ್ಲಿ ಎರಡು, ಎರಡೂವರೆ ಪಾಲು ಒಣಮೇವು ಮತ್ತು ಕಾಳು ತಿನ್ನುತ್ತದೆ; ಎಂದರೆ ಹತ್ತರಿಂದ ಹನ್ನೆರಡು ಕಿಲೋ. ನೂರು ಕುದುರೆಗೆ ದಿನಕ್ಕೆ ಒಂದು ಟನ್ನಿಗೂ ಮೇಲೆ. ನೀರು ಪ್ರತಿ ಕುದುರೆಗೆ ಮೂವತ್ತು ನಲವತ್ತು ಲೀಟರ್. ಲದ್ದಿಯೂ ಹಾಸಿನ ಕಸವೂ ಸೇರಿ ದಿನಕ್ಕೆ ಎರಡು ಟನ್ನಿನಷ್ಟು. ವ್ಯಾಯಾಮದಲ್ಲಿರುವ ಕುದುರೆಗೆ ತಿಂಗಳಿಗೊಮ್ಮೆಯಾದರೂ ಲಾಳ ಬದಲಿಸಬೇಕಾಗುವುದರಿಂದ ತಿಂಗಳಿಗೆ ನಾಲ್ಕುನೂರು ಲಾಳ, ಅದಕ್ಕೆ ತಕ್ಕ ಮೊಳೆ. ಇವಲ್ಲದೆ ಜೀನು, ಲಗಾಮು, ರಿಕಾಪು, ಕಂಬಳಿ, ಬ್ಯಾಂಡೇಜು, ಬಕೆಟ್ಟು, ಕುಂಚ, ಔಷಧಿ. ನಲವತ್ತು ಐವತ್ತು ಸಯೀಸರು, ಸವಾರರು ಮತ್ತು ಅವರ ಕುಟುಂಬಗಳ ದಿನಸಿ ಬೇರೆ. ಬೆಂಗಳೂರಿನಲ್ಲಿ ತರಬೇತಿ ಪಡೆಯುವ ಕುದುರೆಗಳು ಇಂಥ ನೂರುಗಳ ಹಲವು ಪಟ್ಟು. ಓಟ ಇರಲಿ ಇಲ್ಲದಿರಲಿ ಈ ಖರೀದಿ ನಿತ್ಯ ನಡೆಯಲೇಬೇಕು.

ಮೇವಿನ ವಿಷಯ ಸ್ವಲ್ಪ ಬಿಡಿಸಿ ಹೇಳುವುದು ಒಳ್ಳೆಯದು, ಏಕೆಂದರೆ ಇಲ್ಲಿ ನಮ್ಮವರು ಸುಲಭವಾಗಿ ಲೆಕ್ಕ ತಪ್ಪಬಹುದು. ನಮ್ಮಲ್ಲಿ ರಾಗಿಹುಲ್ಲಿಗೆ ಬರವಿಲ್ಲ. ಆದರೆ ರೇಸ್ ಕುದುರೆಗೆ ಅದು ಸಲ್ಲದು. ಹಿಂದಿನ ಕಾಲದ ದಂಡಿನ ಕುದುರೆಗೆ ಬೇಯಿಸಿದ ಹುರುಳಿಯೇ ಮುಖ್ಯ ಆಹಾರವಾಗಿತ್ತು. ಹುರುಳಿಗೆ ಇಂಗ್ಲಿಷಿನಲ್ಲಿ ಕುದುರೆಯ ಹೆಸರೇ ಅಂಟಿಕೊಂಡಿರುವುದು ಅದೇ ಕಾರಣಕ್ಕೆ. ಇಂದಿನ ಲಾಯಗಳು ಕೊಳ್ಳುವುದು ಓಟ್ಸ್, ಬಾರ್ಲಿ, ಒಳ್ಳೆಯ ಒಣಹುಲ್ಲು ಮತ್ತು ನಮ್ಮ ರೈತರು ಕುದುರೆ ಮೆಂತೆ ಎನ್ನುವ ಲೂಸರ್ನ್. ಒಮ್ಮೆ ಬಿತ್ತಿ ನೀರು ಕೊಟ್ಟರೆ ಕುದುರೆ ಮೆಂತೆ ಮೂರು ನಾಲ್ಕು ವರ್ಷ ಉಳಿಯುತ್ತದೆ, ತಿಂಗಳಿಗೊಂದು ಕೊಯ್ಲು ಕೊಡುತ್ತದೆ. ಹಿಪ್ಪುನೇರಳೆ ತೋಟ ನಡೆಸಿ ಅನುಭವವಿರುವವರಿಗೆ ಇದು ಹೊಸ ಶಿಸ್ತೇನಲ್ಲ. ಧೂಳಿಲ್ಲದ, ಮಾಸದ ಸೊಪ್ಪನ್ನು ಹೊತ್ತಿಗೆ ಸರಿಯಾಗಿ ಒದಗಿಸದಿದ್ದರೆ ಹುಳು ಏನಾಗುತ್ತದೆಂದು ಅವರಿಗೆ ಗೊತ್ತು. ಕುದುರೆಯೂ ಅಷ್ಟೇ ನಾಜೂಕು. ಬೂಷ್ಟು ಹಿಡಿದ ಹುಲ್ಲಿನ ಧೂಳು ಅದರ ಶ್ವಾಸಕೋಶವನ್ನು ಕೆಡಿಸುತ್ತದೆ. ಮೇವು ಹಠಾತ್ತಾಗಿ ಬದಲಾದರೆ ಹೊಟ್ಟೆಶೂಲೆ ಬರುತ್ತದೆ. ಕುದುರೆ ವಾಂತಿ ಮಾಡಲಾರದ ಪ್ರಾಣಿಯಾದ್ದರಿಂದ ಶೂಲೆ ಪ್ರಾಣಕ್ಕೇ ಕುತ್ತು ತರಬಹುದು. ಆದುದರಿಂದ ಲಾಯದವರು ಅಗ್ಗದ ಮೇವಿಗಿಂತ ಇಂದಿನಂತೆಯೇ ನಾಳೆಯೂ ಇರುವ ಮೇವನ್ನು ಬಯಸುತ್ತಾರೆ. ಒಂದು ಲೋಡು ಒಳ್ಳೆಯದು, ಮುಂದಿನ ಲೋಡು ಒದ್ದೆ ಎಂಬ ಬಾಬತ್ತಿನ ವ್ಯಾಪಾರ ಅಲ್ಲಿ ಎರಡನೆಯ ವಾರಕ್ಕೆ ನಿಲ್ಲುತ್ತದೆ.

ಚನ್ನಪಟ್ಟಣದ ಮಿತ್ರರೊಬ್ಬರು ಕೇಳಿದರು, 'ಚರಕಿಯಿಂದ ಬೀಳುವ ಮರದ ಹೊಟ್ಟನ್ನು ಕುದುರೆಯ ಹಾಸಿಗೆ ಮಾರಬಹುದಲ್ಲವೇ?' ಯೋಚನೆ ಚೆನ್ನಾಗಿದೆ. ಲಾಯಗಳಲ್ಲಿ ಭತ್ತದ ಹುಲ್ಲಿನಂತೆಯೇ ಮರದ ಹೊಟ್ಟನ್ನೂ ಹಾಸುತ್ತಾರೆ. ಆದರೆ ಯಾವ ಮರದ್ದೆಂಬುದು ಮುಖ್ಯ. ಅಮೆರಿಕದಲ್ಲಿ ಕಪ್ಪು ವಾಲ್‌ನಟ್ ಮರದ ಹೊಟ್ಟಿನ ಮೇಲೆ ನಿಂತ ಕುದುರೆಗಳಿಗೆ ಗೊರಸಿನ ಒಳಪದರ ಉರಿಯೂತಗೊಂಡು ನಡೆಯಲಾಗದ ಸ್ಥಿತಿ ಬರುವುದು ಚೆನ್ನಾಗಿ ತಿಳಿದ ಸಂಗತಿ. ನಮ್ಮ ಗೊಂಬೆಯ ಆಲೆಮರ ಹಾಲು ಸುರಿಸುವ ಜಾತಿಯದು. ಪಶುವೈದ್ಯರನ್ನು ಕೇಳದೆ ಒಂದು ಚೀಲವನ್ನೂ ಕಳುಹಿಸಬಾರದು. ಅರಗಿನ ಬಣ್ಣ ಬೆರೆತ ಹೊಟ್ಟಂತೂ ಬೇಡವೇ ಬೇಡ. (ಮರದ ಕುದುರೆಗೆ ಹೆಸರಾದ ಊರು ನಿಜವಾದ ಕುದುರೆಯ ಕಾಲಿಗೆ ಕುತ್ತು ತಂದಿತೆಂಬ ಅಪವಾದ ನಮಗೇಕೆ?) ಇದಕ್ಕಿಂತ ನನಗೆ ಹೆಚ್ಚು ಭರವಸೆ ಇರುವುದು ಲದ್ದಿಯ ಮೇಲೆ. ಬಿಳಿ ಗುಂಡಿ ಅಣಬೆಯ ಕೃಷಿಗೆ ಕುದುರೆ ಲದ್ದಿಯ ಕಾಂಪೋಸ್ಟ್ ಜಗತ್ತಿನಾದ್ಯಂತ ಬಹುಕಾಲದಿಂದ ಬಳಕೆಯಲ್ಲಿದೆ. ಚೆನ್ನಾಗಿ ಕಳಿತದ್ದಾದರೆ ಹಿಪ್ಪುನೇರಳೆ ತೋಟಕ್ಕೂ ಒಳ್ಳೆಯ ಗೊಬ್ಬರ. ನಗರದ ನಡುವಿನ ಲಾಯಕ್ಕೆ ಲದ್ದಿ ಎಂದರೆ ಸಾಗಹಾಕುವ ತಲೆನೋವು. ಹಳ್ಳಿಯ ನೆರೆಯ ಲಾಯಕ್ಕೆ ಅದು ಮಾರಾಟದ ಸರಕು.

ಲಾಳದ ವಿಷಯದಲ್ಲಿ ಬಿಡದಿ ಮತ್ತು ಹಾರೋಹಳ್ಳಿಯ ಸಣ್ಣ ಕೈಗಾರಿಕೆಯವರು ಗಮನ ಕೊಡಬಹುದು. ದಿನದ ವ್ಯಾಯಾಮಕ್ಕೆ ಉಕ್ಕಿನ ಲಾಳ, ಓಟಕ್ಕೆ ಹಗುರವಾದ ಅಲ್ಯೂಮಿನಿಯಂ ಲಾಳ ಎಂಬುದು ರೂಢಿ. ಲಾಳ ಮಾಡುವುದು ಕಷ್ಟವಲ್ಲ, ಮೊಳೆ ಕಷ್ಟ. ಗೊರಸಿನೊಳಗೆ ಹೊಡೆದ ಮೊಳೆ ತಾನಾಗಿ ಹೊರಕ್ಕೆ ಬಾಗಿ ಬರುವಂತೆ ಅದರ ಮೊನೆ ಇರಬೇಕು. ಒಳಕ್ಕೆ ಹೋದರೆ ಜೀವವಿರುವ ಭಾಗಕ್ಕೆ ಚುಚ್ಚಿ ಕುದುರೆ ಕುಂಟುತ್ತದೆ.

ಇಷ್ಟು ಹೇಳಿದ ಮೇಲೆ ಅಪಾಯವನ್ನೂ ಹೇಳಬೇಕು. ರಾಮನಗರದ ಗೂಡಿನ ಮಾರುಕಟ್ಟೆಯನ್ನು ಬಲ್ಲ ನಮಗೆ ಕಾಯದ ಸರಕು ಎಂದರೇನೆಂದು ವಿವರಿಸಬೇಕಾಗಿಲ್ಲ. ಹುಳು ಗೂಡು ಕಟ್ಟಿದ ಹತ್ತು ಹನ್ನೆರಡು ದಿನದೊಳಗೆ ಬಿಸಿ ಕೊಡದಿದ್ದರೆ ಚಿಟ್ಟೆ ತೂತು ಮಾಡಿಕೊಂಡು ಹೊರಬರುತ್ತದೆ. ಆದ್ದರಿಂದ ಬೆಲೆ ಇರಲಿ ಇಲ್ಲದಿರಲಿ ರೈತ ಮಾರಲೇಬೇಕು. ಕುದುರೆಯ ಉದ್ಯಮದಲ್ಲಿ ಇದು ತಿರುವುಮುರುವು: ಅಲ್ಲಿ ಆದಾಯ ನಿಂತರೂ ಖರ್ಚು ನಿಲ್ಲದು. 2020ರ ಮಾರ್ಚಿನಲ್ಲಿ ಕೋವಿಡ್‌ನಿಂದಾಗಿ ಓಟಗಳು ನಿಂತವು. ಕಾರ್ಖಾನೆಯವರು ಯಂತ್ರದ ಸ್ವಿಚ್ ಆರಿಸಿ ಬೀಗ ಹಾಕಿದರು. ಕುದುರೆಗೆ ಬೀಗ ಹಾಕಲು ಸಾಧ್ಯವೇ? ದಿನವೂ ಮೇವು ಹಾಕಬೇಕಾಯಿತು, ದಿನವೂ ನಡೆಸಬೇಕಾಯಿತು, ಏಕೆಂದರೆ ಕೆಲಸವಿಲ್ಲದೆ ನಿಂತ ಕುದುರೆಗೆ ರೋಗ ಬರುತ್ತದೆ. ಮತ್ತೆ 2024ರಲ್ಲಿ, ಬುಕ್ಕಿಗಳ ತೆರಿಗೆ ವಂಚನೆಯ ಆರೋಪದ ಮೇಲೆ ಪೊಲೀಸರು ದಾಳಿ ನಡೆಸಿದ ನಂತರ, ಟರ್ಫ್ ಕ್ಲಬ್ಬಿಗೆ ಸರ್ಕಾರದ ಪರವಾನಗಿ ಸಿಗದೆ ಬೆಂಗಳೂರಿನ ಓಟಗಳು ತಿಂಗಳುಗಟ್ಟಲೆ ನಿಂತವು. ಆ ಜೂನ್‌ನಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ಓಟಕ್ಕೆ ಮಧ್ಯಂತರ ಅನುಮತಿ ಕೊಟ್ಟಿತು. ಕೆಲವೇ ದಿನಗಳಲ್ಲಿ ವಿಭಾಗೀಯ ಪೀಠ ಅದಕ್ಕೆ ತಡೆ ಕೊಟ್ಟಿತು. ನ್ಯಾಯದ ಗುಣದೋಷ ಇಲ್ಲಿ ನಮ್ಮ ವಿಷಯವಲ್ಲ. ಬಹುಮಾನದ ಹಣ ಬಾರದಾಗ ಮಾಲೀಕರ ಕೈ ಬಿಗಿಯಾಗುತ್ತದೆ, ಮಾಲೀಕ ಕೊಡದಿದ್ದರೆ ತರಬೇತುದಾರನ ಕೈ ಬರಿದಾಗುತ್ತದೆ, ಅಲ್ಲಿಂದ ಆ ಬಾಕಿ ಇಳಿದು ಬರುವುದು ಎರಡು ಕಡೆಗೆ: ಸಯೀಸನ ಸಂಬಳಕ್ಕೆ ಮತ್ತು ಮೇವಿನ ವ್ಯಾಪಾರಿಯ ಖಾತೆಗೆ. ಲಾಯಕ್ಕೆ ಸರಕು ಕೊಡಲು ಹೋಗುವ ನಮ್ಮ ಸದಸ್ಯರಿಗೆ ಇದು ನೆನಪಿರಲಿ. ಆರು ತಿಂಗಳ ಉದ್ದರಿಯ ಮೇಲೆ ಕಟ್ಟಿದ ವ್ಯಾಪಾರ ಇದಲ್ಲ. ವಾರದ ಲೆಕ್ಕ ವಾರಕ್ಕೆ ಚುಕ್ತಾ ಆಗುವಂತೆ ಲಿಖಿತ ಒಪ್ಪಂದ ಮಾಡಿಕೊಳ್ಳುವುದು ಇಬ್ಬರಿಗೂ ಕ್ಷೇಮ.

ಜೂಜಿಗೆ ಒತ್ತಾಸೆ ಕೊಡುವ ಉದ್ಯಮವನ್ನು ನಮ್ಮ ಸಂಸ್ಥೆ ಸ್ವಾಗತಿಸಬೇಕೇ ಎಂದು ಕೇಳುವ ಹಿರಿಯರಿದ್ದಾರೆ. ಅವರ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ವಾರದ ಕೂಲಿಯನ್ನು ಬುಕ್ಕಿಯ ಕೈಗೆ ಕೊಟ್ಟು ಬರಿಗೈಲಿ ಮನೆಗೆ ಬಂದವರನ್ನು ನಾವೆಲ್ಲರೂ ಬಲ್ಲೆವು. ಕುದುರೆ ಓಟ ಅದೃಷ್ಟದ ಆಟವಾಗಿರದೆ ಪ್ರಧಾನವಾಗಿ ಕೌಶಲದ ಆಟವೆಂದು ಸರ್ವೋಚ್ಚ ನ್ಯಾಯಾಲಯ 1996ರಲ್ಲಿ ತೀರ್ಪು ಕೊಟ್ಟಿತು. ಹಾಗೆಂದು ಸಾಲ ಮಾಡಿ ಬಾಜಿ ಕಟ್ಟಿದವನ ಹೆಂಡತಿಗೆ ಆ ತೀರ್ಪಿನಿಂದ ಸಮಾಧಾನ ಸಿಗದು. ಸರ್ಕಾರವೂ ಬಾಜಿಯ ಮೇಲೆ ತೆರಿಗೆ ಬಿಗಿಗೊಳಿಸುತ್ತ ಬಂದಿದೆ. 2023ರ ಅಕ್ಟೋಬರ್‌ನಿಂದ ಬಾಜಿಯ ಪೂರ್ಣ ಮೊತ್ತದ ಮೇಲೆ ಶೇಕಡ 28 ಜಿಎಸ್‌ಟಿ ಎಂದಾಗಿದ್ದುದು 2025ರ ಸೆಪ್ಟೆಂಬರ್ 22ರಿಂದ ಶೇಕಡ 40ಕ್ಕೆ ಏರಿದೆ. ತಮಾಷೆಯೆಂದರೆ ಅದೇ ದಿನದಿಂದ ಜೀವಂತ ಕುದುರೆಯ ಮೇಲಿನ ತೆರಿಗೆ ಶೇಕಡ 12ರಿಂದ 5ಕ್ಕೆ ಇಳಿಯಿತು. ಕುದುರೆ ಸಾಕುವುದು ಬೇರೆ, ಬಾಜಿ ಕಟ್ಟುವುದು ಬೇರೆ ಎಂಬ ಭೇದವನ್ನು ಜಿಎಸ್‌ಟಿ ಮಂಡಳಿಯೇ ಕಂಡುಕೊಂಡಿರುವಾಗ ನಾವೂ ಕಾಣಬಹುದು. ಬಾಜಿಗೆ ಎಷ್ಟು ಕಟ್ಟುಪಾಡು ಬೇಕೋ ಅಷ್ಟು ಹಾಕಲಿ. ಆದರೆ ಬಾಜಿಯಿಂದ ಬರುವ ಹಣವೇ ಬಹುಮಾನವಾಗಿ, ಬಹುಮಾನವೇ ಲಾಯದ ಖರ್ಚಾಗಿ ಹರಿಯುವ ಈ ವ್ಯವಸ್ಥೆಯಲ್ಲಿ ಮೇಲಿನ ಕಟ್ಟೆ ಕಟ್ಟಿದಾಗ ಕೆಳಗಿನ ಗದ್ದೆ ಒಣಗುತ್ತದೆಂಬುದನ್ನು ಮರೆಯದೆ ಹಾಕಲಿ.

ಆ ಕೆಳಗಿನ ಗದ್ದೆಯಲ್ಲಿರುವವನು ಸಯೀಸ. ಅವನ ನೌಕರಿಯ ಸ್ವರೂಪವನ್ನು ಉದ್ಯೋಗದಾತರಾದ ನಾವು ಬೇಗ ಅರ್ಥ ಮಾಡಿಕೊಳ್ಳಬಲ್ಲೆವು. ಕುದುರೆ ಮಾಲೀಕನದು, ಪಥ ಕ್ಲಬ್ಬಿನದು, ತರಬೇತುದಾರನಿಗೆ ಪರವಾನಗಿ ಕೊಡುವುದು ಕ್ಲಬ್ಬು, ಆದರೆ ಸಯೀಸನಿಗೆ ಸಂಬಳ ಕೊಡುವುದು ತರಬೇತುದಾರ. ಇಎಸ್ಐ ಕಾಯ್ದೆಯ ಮಟ್ಟಿಗೆ ರೇಸ್ ಕ್ಲಬ್ಬೂ ಒಂದು 'ಅಂಗಡಿ'ಯೇ ಎಂದು ಸರ್ವೋಚ್ಚ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠ 2014ರ ಜುಲೈನಲ್ಲಿ ಬೆಂಗಳೂರು ಟರ್ಫ್ ಕ್ಲಬ್ಬಿನ ಪ್ರಕರಣದಲ್ಲಿಯೇ ಹೇಳಿತು. ಆ ತೀರ್ಪು ಕ್ಲಬ್ಬನ್ನು ಕುರಿತದ್ದು. ಹತ್ತು ಹದಿನೈದು ಆಳುಗಳನ್ನಿಟ್ಟುಕೊಂಡ ತರಬೇತುದಾರನ ಲಾಯದಲ್ಲಿ ಬೆಳಗಿನ ಐದೂವರೆಗೆ ಕುದುರೆಯಿಂದ ಬಿದ್ದು ಕಾಲು ಮುರಿದುಕೊಂಡ ಸವಾರನಿಗೆ ಆಸ್ಪತ್ರೆಯ ಖರ್ಚು ಯಾರು ಕೊಡಬೇಕು, ಅವನು ಎದ್ದು ನಡೆಯುವವರೆಗೆ ಮನೆ ಯಾರು ನಡೆಸಬೇಕು ಎಂಬುದು ಲಾಯದಿಂದ ಲಾಯಕ್ಕೆ ಬೇರೆಯಾಗಬಾರದು. ಎಂಟು ಜನರ ರೇಷ್ಮೆ ಫಿಲೇಚರ್ ನಡೆಸುವವರಿಗೂ, ಹನ್ನೆರಡು ಜನರ ಗ್ರಾನೈಟ್ ಘಟಕ ನಡೆಸುವ ಕನಕಪುರದವರಿಗೂ ಇನ್‌ಸ್ಪೆಕ್ಟರು ಬಂದು ಇದೇ ಪ್ರಶ್ನೆ ಕೇಳುತ್ತಾರೆ. ನಮ್ಮನ್ನು ಕೇಳುವ ಪ್ರಶ್ನೆಯನ್ನು ನಾಳೆ ಬರುವ ನೆರೆಯವರನ್ನೂ ಕೇಳಲಿ ಎಂದರೆ ಅದರಲ್ಲಿ ಅಸೂಯೆಯೇನೂ ಇಲ್ಲ.

ಲಾಯದ ಸುತ್ತ ವಾಸಿಸುವ ಈ ಕುಟುಂಬಗಳೇ ಊರಿನ ಅಂಗಡಿಗಳ ಖಾಯಂ ಗಿರಾಕಿಗಳಾಗುವವರು. ಓಟದ ದಿನ ಕಾರಿನಲ್ಲಿ ಬರುವ ಪ್ರೇಕ್ಷಕ ನಮ್ಮಲ್ಲಿ ಒಂದು ಕಾಫಿಯನ್ನೂ ಕುಡಿಯದೆ ಹೋಗಬಹುದು. ಇದು ಊಹೆಯ ಮಾತಲ್ಲ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ರಸ್ತೆ 2023ರ ಮಾರ್ಚಿನಲ್ಲಿ ಉದ್ಘಾಟನೆಯಾದಾಗ ನಮ್ಮ ಜಿಲ್ಲೆಗೇ ಬಾಗಿಲು ತೆರೆಯಿತೆಂದು ಭಾಷಣಗಳಾದವು. ಬೈಪಾಸಿನ ಮೇಲೆ ಹಾರಿ ಹೋಗುವ ವಾಹನಗಳನ್ನು ಚನ್ನಪಟ್ಟಣದ ಹಳೆಯ ರಸ್ತೆಯ ಗೊಂಬೆ ಅಂಗಡಿಗಳವರು ದೂರದಿಂದ ನೋಡುವಂತಾಯಿತು. ರಸ್ತೆ ಬೇಡವೆಂದು ಯಾರೂ ಹೇಳುತ್ತಿಲ್ಲ. ಆದರೆ ಯೋಜನೆ ಕಾಗದದ ಮೇಲಿರುವಾಗ ಇಳಿಯುವ ದಾರಿ ಎಲ್ಲಿ, ಅಂಗಡಿಗೆ ಜಾಗ ಎಲ್ಲಿ ಎಂದು ನಾವು ಒಟ್ಟಾಗಿ ಕೇಳಲಿಲ್ಲ. ಕಳೆದ ವರ್ಷ, 2025ರ ಮೇ ತಿಂಗಳಲ್ಲಿ, ಎನ್ನುವಷ್ಟು ಹತ್ತಿರದಲ್ಲಿ ಜಿಲ್ಲೆಯ ಹೆಸರೂ ಬೆಂಗಳೂರು ದಕ್ಷಿಣವೆಂದು ಬದಲಾಯಿತು. ಹೆಸರಿನೊಂದಿಗೆ ರಾಜಧಾನಿಗೆ ಬೇಡವಾದವೆಲ್ಲ ಒಂದೊಂದಾಗಿ ಈ ದಿಕ್ಕಿಗೆ ಬರುವುದು ಸಹಜ. ಯಾವುದನ್ನು ಯಾವ ಷರತ್ತಿನ ಮೇಲೆ ಬರಮಾಡಿಕೊಳ್ಳಬೇಕೆಂದು ಹೇಳುವ ಹಕ್ಕು ನಮಗೂ ಇದೆ.

ಆದುದರಿಂದ ನನ್ನ ಸಲಹೆ ಇಷ್ಟು. ರೇಸ್ ಕೋರ್ಸ್ ಕುಣಿಗಲ್ಲಿಗೋ ಇನ್ನೆಲ್ಲಿಗೋ ಹೋಗಲಿ, ಸ್ಥಳಾಂತರದ ಪ್ರಸ್ತಾಪ ನಮ್ಮ ಕಡೆಯ ಯಾವ ಅಧಿಕಾರಿಯ ಮೇಜಿಗೆ ಬಂದರೂ ಅದರಲ್ಲಿ ಪ್ರೇಕ್ಷಕರ ಗ್ಯಾಲರಿಯ ನಕ್ಷೆಗಿಂತ ಮೊದಲು ತರಬೇತಿ ಲಾಯಗಳ ನಕ್ಷೆಯನ್ನು ನಾವು ಕೇಳಬೇಕು. ಓಟ ಮಾತ್ರ ಹೊರಗೆ ನಡೆದು ಲಾಯಗಳು ಬೇರೆಡೆ ಉಳಿಯುವುದಾದರೆ ನಮಗೆ ದಕ್ಕುವುದು ವಾಹನ ದಟ್ಟಣೆ ಮಾತ್ರ. ಲಾಯಗಳ ಪಕ್ಕದಲ್ಲೇ ಸಯೀಸರಿಗೆ ವಾಸಯೋಗ್ಯ ಮನೆ, ಮಕ್ಕಳಿಗೆ ನಡೆದು ಹೋಗುವ ದೂರದಲ್ಲಿ ಶಾಲೆ, ರಾತ್ರಿಯೂ ತೆರೆದಿರುವ ಪಶುವೈದ್ಯ ಕೇಂದ್ರ ಇರಲೇಬೇಕು. ಬೆಳಗಿನ ನಾಲ್ಕಕ್ಕೆ ಕೆಲಸಕ್ಕೆ ಏಳುವವನು ಮೂವತ್ತು ಕಿಲೋಮೀಟರ್ ದೂರದಿಂದ ಬರಲಾರ. ಟರ್ಫ್ ಕ್ಲಬ್ಬುಗಳು ಎಳೆಯ ಜಾಕಿಗಳಿಗೆ ಶಾಲೆ ನಡೆಸಿ ಅಭ್ಯಾಸ ಪಡೆದಿವೆ. ಅದೇ ಬಗೆಯಲ್ಲಿ ಸಯೀಸ, ಸವಾರ ಮತ್ತು ಲಾಳ ಕಟ್ಟುವವರಿಗೆ ಪ್ರಮಾಣಪತ್ರದ ತರಬೇತಿಯನ್ನು ನಮ್ಮ ಐಟಿಐಗಳಲ್ಲಿ ಏಕೆ ಆರಂಭಿಸಬಾರದು? ಪ್ರಮಾಣಪತ್ರವಿದ್ದವನು ಮೈಸೂರು, ಹೈದರಾಬಾದ್, ಪುಣೆ, ಎಲ್ಲಿ ಬೇಕಾದರೂ ಸಂಬಳ ಕೇಳಿ ಪಡೆಯಬಲ್ಲ. ಮಾತಿನ ಮೇಲೆ ನೌಕರಿಗೆ ಸೇರಿದವನು ಕೊಟ್ಟಷ್ಟು ತೆಗೆದುಕೊಳ್ಳಬೇಕು.

ನಮ್ಮ ಪಾಲಿನ ಕೆಲಸಕ್ಕೆ ಸರ್ಕಾರದ ಆದೇಶ ಕಾಯುವ ಅಗತ್ಯವಿಲ್ಲ. ರೇಸ್ ಕೋರ್ಸ್ ಎಲ್ಲಿಯೇ ಇರಲಿ, ಬೆಂಗಳೂರಿನ ಲಾಯಗಳು ಇಂದೂ ನಮ್ಮಿಂದ ಒಂದೂವರೆ ಗಂಟೆಯ ದೂರದಲ್ಲಿವೆ, ಕುಣಿಗಲ್ಲಿನ ಫಾರಂ ಅದಕ್ಕೂ ಹತ್ತಿರ. ಮಾಗಡಿಯ ನಾಲ್ಕಾರು ರೈತರೂ ಇಬ್ಬರು ಮೂವರು ಮೇವಿನ ವ್ಯಾಪಾರಿಗಳೂ ಸೇರಿ ಎರಡು ಮೂರು ಎಕರೆಯಲ್ಲಿ ಕುದುರೆ ಮೆಂತೆ ಬೆಳೆದು, ನೆರಳಿನಲ್ಲಿ ಒಣಗಿಸಿ, ತೇವಾಂಶ ಅಳೆದು, ಒಂದೇ ತೂಕದ ಕಟ್ಟುಗಳಾಗಿ ಕಟ್ಟಿ ಒಂದು ಲಾಯಕ್ಕೆ ಆರು ತಿಂಗಳು ತಪ್ಪದೆ ಕಳುಹಿಸಿ ನೋಡಲಿ. ತೇವಾಂಶ ಅಳೆಯುವ ಮಾಪಕವನ್ನು ನಮ್ಮ ಸಂಸ್ಥೆಯ ವತಿಯಿಂದ ಕೊಂಡು ಕಚೇರಿಯಲ್ಲಿ ಇಡಿಸಬಹುದು. ಬೇಕಾದವರು ಸಹಿ ಹಾಕಿ ಒಯ್ದು ಮರಳಿಸಲಿ. ಈ ವಿಷಯವನ್ನು ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯ ಕಲಾಪದಲ್ಲಿ ಸೇರಿಸಬೇಕೆಂದು ಗೌರವ ಕಾರ್ಯದರ್ಶಿಗಳಿಗೆ ಪತ್ರ ಬರೆದಿದ್ದೇನೆ. ಆಸಕ್ತ ಸದಸ್ಯರು ಸಭೆಗೆ ಮುನ್ನ ತಮ್ಮ ಹೆಸರನ್ನು ಕಚೇರಿಯಲ್ಲಿ ನೋಂದಾಯಿಸಿದರೆ ಅನುಕೂಲ.